ಕಿಡ್-55: ಅಸಂಗತಿಯೊಂದು ಅದಿರಾದ ಬಗೆ

ವಿಮಾನ ನಿಲ್ದಾಣದಲ್ಲೋ ದೊಡ್ಡ ಮಳಿಗೆಯ ಬಾಗಿಲಲ್ಲೋ ನೀವು ಒಂದು ಚೌಕಟ್ಟಿನೊಳಗಿಂದ ಹಾದುಹೋಗಿರುತ್ತೀರಿ. ಜೇಬಿನಲ್ಲಿ ಬೀಗದ ಕೈಗೊಂಚಲು ಇದ್ದರೆ ಚೌಕಟ್ಟು ಕೀಂಗುಡುತ್ತದೆ. ಪಕ್ಕದಲ್ಲಿ ನಿಂತ ಕಾವಲುಗಾರ ಕೇಳುತ್ತಾನೆ: "ಜೇಬಲ್ಲಿ ಏನಿದೆ?" ಅವನು ಹೀಗೆ ಕೇಳಲು ಕಾರಣವಿದೆ. ವಿದ್ಯುತ್ತನ್ನು ಚೆನ್ನಾಗಿ ಹರಿಯಬಿಡುವ ವಸ್ತುವೊಂದು ಒಳಗೆ ಬಂತು ಎಂದಷ್ಟೇ ಯಂತ್ರಕ್ಕೆ ಗೊತ್ತು. ಅದು ಕೀಲಿಕೈಯೋ ಚಾಕುವೋ ನಾಣ್ಯವೋ ಎಂಬುದು ಗೊತ್ತಿಲ್ಲ. ತಿಳಿಯಬೇಕಾದರೆ ಜೇಬಿಗೆ ಕೈಹಾಕಲೇಬೇಕು.

ಇದೇ ಚೌಕಟ್ಟನ್ನು ಹಿಗ್ಗಿಸಿ ವಿಮಾನಕ್ಕೆ ಕಟ್ಟಿ ಕಾಡಿನ ಮೇಲೆ ಹಾರಿಸಿದರೆ ಅದು ಅದಿರು ಹುಡುಕುವ ಉಪಕರಣವಾಗುತ್ತದೆ. ಕೆನಡಾ ದೇಶದ ಆಂಟೇರಿಯೊ ಪ್ರಾಂತದಲ್ಲಿ ಟಿಮಿನ್ಸ್ ಎಂಬ ಊರಿದೆ. ಅದರ ಉತ್ತರಕ್ಕೆ ಸುಮಾರು 25 ಕಿಲೋಮೀಟರ್ ದೂರದ ಜೌಗುನೆಲದ ಮೇಲೆ 1959ರಲ್ಲಿ ಇಂಥದೊಂದು ಉಪಕರಣ 'ಕೀಂ' ಎಂದಿತು. ನಕ್ಷೆಯಲ್ಲಿ ಆ ಜಾಗಕ್ಕೆ ಕಿಡ್-55 ಎಂದು ಹೆಸರು ಬಿತ್ತು. ಜೇಬಿಗೆ ಕೈಹಾಕುವುದಕ್ಕೆ ಮಾತ್ರ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಕೈಹಾಕಿದಾಗ ಸಿಕ್ಕಿದ್ದು ಜಗತ್ತಿನ ಅತಿದೊಡ್ಡ ತಾಮ್ರ-ಸತು ನಿಕ್ಷೇಪಗಳಲ್ಲೊಂದು. ಆ ಸುದ್ದಿ ಯಾರಿಗೆ, ಯಾವಾಗ ತಿಳಿಯಿತು ಎಂಬುದು ಮುಂದೆ ನ್ಯಾಯಾಲಯದ ಕಟ್ಟೆ ಹತ್ತಿತು. ಭೌತವಿಜ್ಞಾನವು ಏನನ್ನು ಹೇಳಬಲ್ಲದು, ಎಲ್ಲಿಗೆ ಬಾಯಿ ಮುಚ್ಚಬೇಕು ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಕಡಲತಳದ ಚಿಮಣಿಗಳು

ಚಿನ್ನ, ಬೆಳ್ಳಿ, ಪ್ಲಾಟಿನಂಗಳಂಥ ಶ್ರೇಷ್ಠ ಲೋಹಗಳಿಂದ ಪ್ರತ್ಯೇಕಿಸಲು ತಾಮ್ರ, ಸತು, ಸೀಸಗಳನ್ನು ಮೂಲಲೋಹಗಳು ಎನ್ನುವುದು ವಾಡಿಕೆ. ಇವು ಗಂಧಕವನ್ನು ಬಲು ಮೆಚ್ಚುತ್ತವೆ. ಆದ್ದರಿಂದ ನೆಲದೊಳಗೆ ಇವು ಹೆಚ್ಚಾಗಿ ಸಲ್ಫೈಡುಗಳಾಗಿಯೇ ದೊರೆಯುತ್ತವೆ. ತಾಮ್ರ ಮತ್ತು ಕಬ್ಬಿಣ ಸೇರಿದ ಚಾಲ್ಕೊಪೈರೈಟ್, ಸತುವಿನ ಸ್ಫಾಲರೈಟ್, ಸೀಸದ ಗೆಲೀನ ಮುಖ್ಯವಾದವು. ಇವುಗಳ ಜೊತೆಗೆ ಬೆಲೆಯಿಲ್ಲದ ಕಬ್ಬಿಣದ ಸಲ್ಫೈಡ್, ಅಂದರೆ ಪೈರೈಟ್, ಧಾರಾಳವಾಗಿ ಇರುತ್ತದೆ.

ಕಿಡ್-55 ಇರುವುದು ಅಬಿಟಿಬಿ ಹಸಿರುಶಿಲಾ ಪಟ್ಟಿಯಲ್ಲಿ. ಇಲ್ಲಿಯ ಬಂಡೆಗಳಿಗೆ ಸುಮಾರು 270 ಕೋಟಿ ವರ್ಷ ವಯಸ್ಸು. ಆಗ ಅದು ಸಮುದ್ರದ ತಳ. ಅಲ್ಲಿ ಜ್ವಾಲಾಮುಖಿಗಳು ಉಕ್ಕುತ್ತಿದ್ದವು. ರಯೊಲೈಟ್ ಎಂಬ ಸಿಲಿಕಾ ಹೆಚ್ಚಿರುವ ಲಾವಾಶಿಲೆಯ ರಾಶಿಯೊಂದು ಅಲ್ಲಿ ಬೆಳೆದಿತ್ತು. ಸಮುದ್ರದ ನೀರು ಬಿರುಕುಗಳಲ್ಲಿ ಕೆಳಗಿಳಿದು, ಶಿಲಾಪಾಕದ ಕಾವಿಗೆ ಕುದಿದು, ಬಂಡೆಗಳೊಳಗಿದ್ದ ಲೋಹಾಂಶವನ್ನು ಕರಗಿಸಿಕೊಂಡು ಮೇಲೇರಿತು. ತಣ್ಣನೆಯ ಕಡಲನೀರು ಸೋಕುತ್ತಲೇ ಸಲ್ಫೈಡುಗಳು ಒತ್ತರಿಸಿದವು. ಬಿಸಿ ಹೆಚ್ಚಿದ್ದೆಡೆ, ಅಂದರೆ ನೀರು ಮೇಲೇರಿದ ಕೊಳವೆಯ ಬಳಿ, ತಾಮ್ರ ನಿಂತಿತು. ಸ್ವಲ್ಪ ತಂಪಾದ ಮೇಲ್ಭಾಗದಲ್ಲಿ ಮತ್ತು ಅಂಚಿನಲ್ಲಿ ಸತು ನಿಂತಿತು.

ಇದನ್ನು ಈಗ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ. ಕಿಡ್-55ರಲ್ಲಿ ಹುಡುಕಾಟ ನಡೆದಾಗ ಈ ಚಿತ್ರ ಹೀಗೆ ಸ್ಪಷ್ಟವಿರಲಿಲ್ಲ. 'ಆಲ್ವಿನ್' ಎಂಬ ಕಿರು ಜಲಾಂತರ್ಗಾಮಿಯಲ್ಲಿ ಕುಳಿತವರು ಪೂರ್ವ ಪೆಸಿಫಿಕ್ ಸಾಗರದ ತಳದಲ್ಲಿ ಕರಿಹೊಗೆಯಂಥ ನೀರನ್ನು ಉಗುಳುತ್ತಿದ್ದ ಸಲ್ಫೈಡಿನ ಚಿಮಣಿಗಳನ್ನು ಕಂಡದ್ದು 1979ರಲ್ಲಿ. ಆ ನೀರಿನ ತಾಪ 350 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು. ಮೇಲಿನ ನೀರಿನ ಒತ್ತಡದಿಂದಾಗಿ ಅದು ಕುದಿದು ಆವಿಯಾಗದು. ಇಂಥ ಚಿಮಣಿಗಳ ರಾಶಿ ಹೂತುಹೋದರೆ ಏನಾಗುತ್ತದೆಯೋ ಅದರ ಬಲುಹಳೆಯ, ಬಲುದೊಡ್ಡ ಮಾದರಿ ಕಿಡ್-55. ಅನಂತರದ ಭೂಚಲನೆಗಳು ಈ ಪದರಗಳನ್ನು ಮಡಿಸಿ ನಿಲ್ಲಿಸಿಬಿಟ್ಟವು. ಕಡಲತಳದಲ್ಲಿ ಚಾಪೆಯಂತೆ ಮಲಗಿದ್ದ ಅದಿರು ಇಂದು ಗೋಡೆಗೊರಗಿಸಿದ ಚಾಪೆಯಂತೆ ಹೆಚ್ಚುಕಡಿಮೆ ನೆಟ್ಟಗೆ ನಿಂತಿದೆ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಮ್ಮ ಚಿತ್ರದುರ್ಗದ ಪಟ್ಟಿಯೂ ಇಂಥದೇ ಹಸಿರುಶಿಲಾ ಪಟ್ಟಿ, ವಯಸ್ಸೂ ಸುಮಾರಾಗಿ ಅದೇ. ಅದರ ಜ್ವಾಲಾಮುಖಿ ಶಿಲೆಗಳಲ್ಲಿರುವ ಇಂಗಳದಾಳಿನ ತಾಮ್ರ ಈ ಬಳಗಕ್ಕೆ ಹತ್ತಿರದ್ದು. ಗಾತ್ರದಲ್ಲಿ ಮಾತ್ರ ಹೋಲಿಕೆಯೇ ಇಲ್ಲ. ಇಂಗಳದಾಳಿನಲ್ಲಿ ಹಿಂದಿನವರು ಅಗೆದ ಗುಂಡಿಗಳೇ ದಾರಿ ತೋರಿಸಿದ್ದವು. ಕಿಡ್-55ರಲ್ಲಿ ಆ ಅನುಕೂಲವಿರಲಿಲ್ಲ. ಹಿಮಯುಗದ ಕೊನೆಗೆ ಅಲ್ಲಿ ನಿಂತಿದ್ದ ಮಹಾಸರೋವರದ ಜೇಡಿಮಣ್ಣು, ಅದರ ಮೇಲೆ ಕೊಳೆತ ಪಾಚಿಯ ಜೌಗು, ಅದರ ಮೇಲೆ ಕುರುಚಲು ಕಾಡು. ಟಿಮಿನ್ಸ್ ಸುತ್ತ 1909ರಿಂದಲೇ ಚಿನ್ನದ ಬೇಟೆ ನಡೆದಿತ್ತು. ಅರ್ಧ ಶತಮಾನ ಕಾಲ ಸುತ್ತಿಗೆ ಹಿಡಿದವರು ಆ ಸೀಮೆಯಲ್ಲಿ ಓಡಾಡಿದರೂ ಮಣ್ಣಿನಡಿಯ ಅದಿರು ಯಾರ ಸುತ್ತಿಗೆಗೂ ಸಿಗಲಿಲ್ಲ.

ಹಾರುವ ಸುರುಳಿ

ತಾಮ್ರದ ಕೊಳವೆಯೊಳಗೆ ಪ್ರಬಲ ಅಯಸ್ಕಾಂತದ ಬಿಲ್ಲೆಯೊಂದನ್ನು ಬಿಟ್ಟು ನೋಡಿ. ಅದು ದೊಪ್ಪನೆ ಬೀಳದೆ, ಎಣ್ಣೆಯಲ್ಲಿ ಮುಳುಗುವಂತೆ ನಿಧಾನವಾಗಿ ಇಳಿಯುತ್ತದೆ. ಇದನ್ನು ಎಷ್ಟು ವರ್ಷ ತೋರಿಸಿದರೂ ತರಗತಿಯಲ್ಲಿ ಪ್ರತಿಬಾರಿಯೂ "ಇನ್ನೊಮ್ಮೆ ಸಾರ್" ಎನ್ನುವ ಹುಡುಗರು ಇದ್ದೇ ಇರುತ್ತಾರೆ. ಬದಲಾಗುವ ಕಾಂತಕ್ಷೇತ್ರವು ವಾಹಕದಲ್ಲಿ ಸುಳಿಪ್ರವಾಹಗಳನ್ನು ಎಬ್ಬಿಸುತ್ತದೆ. ಆ ಪ್ರವಾಹಗಳು ತಮ್ಮದೇ ಕಾಂತಕ್ಷೇತ್ರವನ್ನು ಹುಟ್ಟಿಸಿ ಮೂಲ ಬದಲಾವಣೆಯನ್ನು ವಿರೋಧಿಸುತ್ತವೆ. ಫ್ಯಾರಡೆ ಮತ್ತು ಲೆನ್ಸರ ಈ ನಿಯಮಗಳೇ ವಾಯುಸಮೀಕ್ಷೆಯ ಬಂಡವಾಳ.

ವಿಮಾನಕ್ಕೋ ಹೆಲಿಕಾಪ್ಟರಿಗೋ ಒಂದು ಪ್ರೇಷಕ ಸುರುಳಿ ಕಟ್ಟಿ, ಅದರಲ್ಲಿ ಸೆಕೆಂಡಿಗೆ ಕೆಲವು ನೂರರಿಂದ ಕೆಲವು ಸಾವಿರ ಬಾರಿ ದಿಕ್ಕು ಬದಲಿಸುವ ಪ್ರವಾಹ ಹಾಯಿಸುತ್ತಾರೆ. ಅದರ ಕಾಂತಕ್ಷೇತ್ರ ನೆಲದೊಳಗೆ ಇಳಿಯುತ್ತದೆ. ಅಲ್ಲಿ ಒಳ್ಳೆಯ ವಾಹಕವಿದ್ದರೆ ಸುಳಿಪ್ರವಾಹ ಎದ್ದು, ಅದರ ಕ್ಷೀಣವಾದ ಮರುದನಿ ಮೇಲಿನ ಗ್ರಾಹಕ ಸುರುಳಿಗೆ ತಲುಪುತ್ತದೆ. ಈ ಮರುದನಿಯನ್ನು ಅಳೆಯುವುದು ಮೂಲಕ್ಷೇತ್ರದ ಹತ್ತು ಲಕ್ಷದಲ್ಲಿ ಎಷ್ಟು ಪಾಲು ಎಂಬ ಲೆಕ್ಕದಲ್ಲಿ. ಜಾತ್ರೆಯ ಗದ್ದಲದಲ್ಲಿ ಗಡಿಯಾರದ ಟಿಕ್‌ಟಿಕ್ ಆಲಿಸಿದಂತೆ.

ಎತ್ತರದ ಪ್ರಶ್ನೆ ಇಲ್ಲಿ ನಿರ್ಣಾಯಕ. ಪುಟ್ಟ ಸುರುಳಿಯ ಕ್ಷೇತ್ರವು ದೂರದ ಘನಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಕೆಳಗಿನ ವಾಹಕ ಸಣ್ಣದಾಗಿದ್ದರೆ ಅದರ ಮರುದನಿ ಮೇಲೆ ಬರುವಾಗ ಮತ್ತೊಮ್ಮೆ ಘನದಂತೆಯೇ ಕುಗ್ಗುತ್ತದೆ. ಒಟ್ಟಿನಲ್ಲಿ ಎತ್ತರದ ಆರನೇ ಘಾತ. ಎತ್ತರ ಇಮ್ಮಡಿಯಾದರೆ ಸಂಕೇತ 64ರಲ್ಲಿ ಒಂದು ಪಾಲು! ದೊಡ್ಡ ಹಾಳೆಯಂಥ ಅದಿರಾದರೆ ಇಷ್ಟು ಕಠಿಣವಾಗಿ ಕುಗ್ಗುವುದಿಲ್ಲ, ನಿಜ. ಆದರೂ ಈ ಪೈಲಟ್‌ಗಳು ಮರದ ತುದಿ ಸವರುವಂತೆ ಹಾರುತ್ತಿದ್ದದ್ದು ಸಾಹಸಕ್ಕಾಗಿ ಅಲ್ಲ.

ಮೇಲಿನ ಮಣ್ಣಿನದು ಇನ್ನೊಂದು ಕಾಟ. ಪರ್ಯಾಯ ಕ್ಷೇತ್ರವೊಂದು ವಾಹಕದೊಳಗೆ ಇಳಿಯುತ್ತ ಸುಮಾರು ಶೇಕಡಾ 37ಕ್ಕೆ ಕುಗ್ಗುವ ಆಳವನ್ನು 'ಸ್ಕಿನ್ ಡೆಪ್ತ್' ಎನ್ನುತ್ತೇವೆ. ರೋಧಶೀಲತೆಯನ್ನು ಆವೃತ್ತಿಯಿಂದ ಭಾಗಿಸಿ, ವರ್ಗಮೂಲ ತೆಗೆದು, 503ರಿಂದ ಗುಣಿಸಿದರೆ ಅದು ಮೀಟರುಗಳಲ್ಲಿ ಸಿಗುತ್ತದೆ. ಆವೃತ್ತಿ 1000 ಹರ್ಟ್ಸ್ ಎನ್ನಿ. 10,000 ಓಮ್-ಮೀಟರ್ ರೋಧಶೀಲತೆಯ ಗಟ್ಟಿಬಂಡೆಯಲ್ಲಿ ಈ ಆಳ ಸುಮಾರು 1,600 ಮೀಟರ್. ಅಂದರೆ ಬಂಡೆ ಹೆಚ್ಚುಕಡಿಮೆ ಪಾರದರ್ಶಕ. 30 ಓಮ್-ಮೀಟರಿನ ಒದ್ದೆ ಜೇಡಿಯಲ್ಲಿ 87 ಮೀಟರ್. ಓಮ್-ಮೀಟರಿನ ಹತ್ತನೇ ಒಂದಂಶದ ಸಲ್ಫೈಡ್ ರಾಶಿಯಲ್ಲಿ ಬರೀ 5 ಮೀಟರ್. ಈ ಅಗಾಧ ಅಂತರದಿಂದಲೇ ಅದಿರು ಕಣ್ಣಿಗೆ ಬೀಳುತ್ತದೆ. ಕೆನಡಾದಲ್ಲಿ ಹಿಮನದಿಗಳು ಹಳೆಯ ಕೊಳೆತ ಬಂಡೆಯನ್ನೆಲ್ಲ ಕೆರೆದು ಒಯ್ದಿದ್ದವು. ನಮ್ಮ ಎರೆಮಣ್ಣಿನ ಬಯಲಿನಲ್ಲಿ, ಅದೂ ಮಳೆಗಾಲದ ಮರುದಿನ, ಇದೇ ಕೆಲಸ ಮಾಡಹೊರಟರೆ ಮೇಲಿನ ಮಣ್ಣೇ ಹೆಚ್ಚಿಗೆ ಮಾತನಾಡುತ್ತದೆ.

ಒಂದು ವಿಚಿತ್ರವನ್ನು ಗಮನಿಸಿ. ಕಿಡ್-55ರ ಅದಿರಿನಲ್ಲಿ ತೂಕದಲ್ಲಿ ಹೆಚ್ಚಿರುವುದು ಸತು. ಆದರೆ ಸತುವಿನ ಖನಿಜವಾದ ಸ್ಫಾಲರೈಟ್ ವಿದ್ಯುತ್ತನ್ನು ಹರಿಯಗೊಡುವುದೇ ಇಲ್ಲ ಎನ್ನಬಹುದು. ಇಂಥ ಅದಿರುಗಳಲ್ಲಿ ಸುರುಳಿಯ ಕೂಗಿಗೆ ಓಗೊಡುವುದು ಜೊತೆಯಲ್ಲಿರುವ ಚಾಲ್ಕೊಪೈರೈಟ್ ಮತ್ತು ಕಬ್ಬಿಣದ ಸಲ್ಫೈಡುಗಳು. ಬರೀ ಪೈರೈಟ್ ಇದ್ದರೂ ಓಗೊಡಬಹುದು. ಗ್ರಾಫೈಟ್ ತುಂಬಿದ ಕಪ್ಪು ಪದರಶಿಲೆಯಂತೂ ಇನ್ನೂ ಗಟ್ಟಿಯಾಗಿ ಕೂಗುತ್ತದೆ, ಅದರಲ್ಲಿ ಕಾಸಿನ ಲೋಹವಿಲ್ಲ. ರೈಲುಹಳಿ, ತಂತಿಬೇಲಿ, ಉಪ್ಪುನೀರಿನ ಬಿರುಕು ಎಲ್ಲವೂ ಇದೇ ಸಾಲಿನವು. ಸುತ್ತಲಿನ ಬಂಡೆಗಿಂತ ಭಿನ್ನವಾದ ಇಂಥ ಮರುದನಿಗೆ ಭೂಭೌತವಿಜ್ಞಾನಿಗಳು 'ಅಸಂಗತಿ' ಎಂಬ ಎಚ್ಚರದ ಹೆಸರಿಟ್ಟದ್ದು ಇದಕ್ಕೇ. 'ಇಲ್ಲಿ ಅದಿರಿದೆ' ಎಂದಲ್ಲ, 'ಇಲ್ಲಿ ಸುತ್ತಲಿನಂತಿಲ್ಲ' ಎಂದಷ್ಟೇ ಅದರ ಅರ್ಥ.

ಟೆಕ್ಸಸ್ ಗಲ್ಫ್ ಸಲ್ಫರ್ ಎಂಬ ಅಮೆರಿಕದ ಕಂಪನಿ 1957ರಲ್ಲಿ ಪೂರ್ವ ಕೆನಡಾದ ಪುರಾತನ ಶಿಲಾಪ್ರದೇಶದಲ್ಲಿ ವಾಯುಸಮೀಕ್ಷೆ ಆರಂಭಿಸಿತು. ಹೆಸರೇ ಹೇಳುವಂತೆ ಅದು ಗಂಧಕದ ವ್ಯಾಪಾರದ ಕಂಪನಿ, ಮೂಲಲೋಹದಲ್ಲಿ ಹೊಸಬ. ಅದರ ತಂಡ ಒಟ್ಟು 15,000 ಚದರ ಮೈಲಿಗೂ ಹೆಚ್ಚು ಪ್ರದೇಶದ ಮೇಲೆ ಸಮೀಕ್ಷೆ ನಡೆಸಿತು. ಅದು ಇಡೀ ಕರ್ನಾಟಕದ ಐದನೇ ಒಂದು ಭಾಗದಷ್ಟಾಯಿತು. ಅಸಂಗತಿಗಳು ಹಲವಾರು ಸಿಕ್ಕವು. ತಂಡದ ಮುಖ್ಯ ಭೂವಿಜ್ಞಾನಿ ವಾಲ್ಟರ್ ಹೋಲಿಕ್. ರಯೊಲೈಟಿನ ನೆರೆಯಲ್ಲಿ ಸಲ್ಫೈಡ್ ಹುಡುಕಬೇಕೆಂಬ ಆಲೋಚನೆ ಇಲ್ಲದಿದ್ದರೆ ಆ ಪಟ್ಟಿಯಿಂದ ಯಾವುದನ್ನು ಮೊದಲು ಆರಿಸುವುದು? ಉಪಕರಣ ಕೂಗನ್ನು ಕೊಟ್ಟೀತು. ಕೂಗಿಗೆ ಅರ್ಥ ಹಚ್ಚುವುದು ಭೂವಿಜ್ಞಾನ.

ಕೆ-55-1

ಅಸಂಗತಿ ಕಂಡ ನೆಲ ಖಾಸಗಿಯವರದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಿಂದ ಮರಳಿದ ಯೋಧರಿಗೆ ಆಂಟೇರಿಯೊ ಸರ್ಕಾರ ಉತ್ತರದ ಕಾಡಿನಲ್ಲಿ ತಲಾ 160 ಎಕರೆ ಹಂಚಿತ್ತು. ಅಂಥ ಜಮೀನುಗಳು ಕೈಬದಲಾಗಿ, ವಾರಸುದಾರರಲ್ಲಿ ಹಂಚಿಹೋಗಿದ್ದವು. 1963ರಲ್ಲಿ ಕಂಪನಿಗೆ ಕಿಡ್-55ರ ನಾಲ್ಕು ಪಾಲುಗಳಲ್ಲಿ ಈಶಾನ್ಯದ ಒಂದರಲ್ಲಿ ಮಾತ್ರ ಕೊರೆಯುವ ಅವಕಾಶ ದೊರೆಯಿತು. ಅಕ್ಟೋಬರ್ 29 ಮತ್ತು 30ರಂದು ಭೂಭೌತವಿಜ್ಞಾನಿ ರಿಚರ್ಡ್ ಕ್ಲೇಟನ್ ನೆಲದ ಮೇಲೆಯೇ ಅಳತೆ ಮಾಡಿ ಅಸಂಗತಿಯನ್ನು ಖಚಿತಪಡಿಸಿಕೊಂಡರು. ನವೆಂಬರ್ 8ರಂದು ಅಸಂಗತಿಯ ಅತಿ ಪ್ರಬಲ ಭಾಗದಲ್ಲಿ ವಜ್ರದ ಮೊನೆಯ ಕೊರೆಯಂತ್ರ ಇಳಿಯಿತು. ಆ ರಂಧ್ರದ ಹೆಸರು ಕೆ-55-1. ನವೆಂಬರ್ 12ಕ್ಕೆ 655 ಅಡಿಗೆ ನಿಲ್ಲಿಸಿದರು.

ಇಂಥ ಯಂತ್ರ ಬಂಡೆಯನ್ನು ಪುಡಿಮಾಡುವುದಿಲ್ಲ. ಟೊಳ್ಳು ಕೊಳವೆಯ ಬಾಯಿಗೆ ವಜ್ರದ ಹರಳು ಕೂರಿಸಿ ಸುತ್ತಲೂ ಕೊರೆದು, ನಡುವಿನ ಬಂಡೆಯನ್ನು ಕೋಲಿನಂತೆ ಹೊರತೆಗೆಯುತ್ತದೆ. ಆ ಕೋಲುಗಳನ್ನು ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ ಹೋಲಿಕ್ ಕಣ್ಣಳತೆಯಲ್ಲೇ ಅಂದಾಜು ಮಾಡಿದರು: 599 ಅಡಿ ಉದ್ದಕ್ಕೆ ತಾಮ್ರ ಶೇ. 1.15, ಸತು ಶೇ. 8.64. ಡಿಸೆಂಬರ್ ಮೊದಲಲ್ಲಿ ಅಮೆರಿಕದ ಯೂಟಾ ರಾಜ್ಯದಿಂದ ರಾಸಾಯನಿಕ ವಿಶ್ಲೇಷಣೆ ಬಂತು: 602 ಅಡಿಗೆ ತಾಮ್ರ ಶೇ. 1.18, ಸತು ಶೇ. 8.26, ಜೊತೆಗೆ ಟನ್ನಿಗೆ 3.94 ಔನ್ಸ್ ಬೆಳ್ಳಿ. ಬರಿಗಣ್ಣಿನ ಅಂದಾಜಿನಲ್ಲಿ ದೋಷ ತಾಮ್ರಕ್ಕೆ ಶೇ. 3ರ ಒಳಗೆ, ಸತುವಿಗೆ ಶೇ. 5ರ ಒಳಗೆ! ನಮ್ಮ ಪದವಿ ಪ್ರಯೋಗಾಲಯದಲ್ಲಿ ಉಪಕರಣ ಹಿಡಿದೇ ಇದಕ್ಕಿಂತ ಹೆಚ್ಚಿನ ದೋಷ ಬರುವುದುಂಟು.

ಆದರೂ ಒಂದು ರಂಧ್ರ ಅಂದರೆ ಒಂದು ಗೆರೆ. ಅದಿರಿಗೆ ಬೇಕಾದದ್ದು ಘನಗಾತ್ರ. ಗೋಡೆಗೊರಗಿಸಿದ ಚಾಪೆಯನ್ನು ನೆನಪಿಸಿಕೊಳ್ಳಿ. ಅದರ ಅಂಚಿನಿಂದ ಕೆಳಮುಖವಾಗಿ ಸೂಜಿ ತೂರಿಸಿದರೆ ಸೂಜಿಯ ಉದ್ದಕ್ಕೂ ಚಾಪೆಯೇ ಸಿಗುತ್ತದೆ; ಚಾಪೆಯ ದಪ್ಪ ಅರ್ಧ ಬೆರಳೂ ಇರಲಾರದು. 602 ಅಡಿ ಅದಿರು ಹಾದುಹೋದ ರಂಧ್ರ ದಪ್ಪನೆಯ ರಾಶಿಯನ್ನು ಅಡ್ಡಹಾಯ್ದಿತೇ, ತೆಳು ಹಾಳೆಯೊಂದರ ಉದ್ದಕ್ಕೆ ಜಾರಿತೇ? ಒಂದೇ ರಂಧ್ರದಿಂದ ತೀರ್ಮಾನಿಸುವುದು ಕಷ್ಟ. ಆದ್ದರಿಂದಲೇ ಮುಂದೆ ಕೆ-55-3 ಎಂಬ ರಂಧ್ರವನ್ನು ಮೊದಲನೆಯದರ ಪಶ್ಚಿಮಕ್ಕೆ 510 ಅಡಿ ದೂರದಲ್ಲಿ ಆರಂಭಿಸಿ, ಪೂರ್ವಕ್ಕೆ 45 ಡಿಗ್ರಿ ಓರೆಯಾಗಿ, ಮೊದಲ ರಂಧ್ರವನ್ನು ಒಂದೇ ಲಂಬ ಸಮತಲದಲ್ಲಿ ಅಡ್ಡಹಾಯುವಂತೆ ಕೊರೆದರು.

ಆದರೆ ಅದು ನಡೆದದ್ದು 1964ರ ಮಾರ್ಚ್ 31ರ ನಂತರ. ಮಧ್ಯದ ನಾಲ್ಕೂವರೆ ತಿಂಗಳು ಕೊರೆತವೇ ಇಲ್ಲ. ಅಕ್ಕಪಕ್ಕದ ಜಮೀನು ಇನ್ನೂ ಕೈಗೆ ಬಂದಿರಲಿಲ್ಲ, ಸುದ್ದಿ ಹೊರಬಿದ್ದರೆ ಬೆಲೆ ಏರುತ್ತದೆ. ಕಂಪನಿಯ ಅಧ್ಯಕ್ಷರು ಫಲಿತಾಂಶವನ್ನು ಕಂಪನಿಯ ಇತರ ಅಧಿಕಾರಿಗಳಿಗೂ ನಿರ್ದೇಶಕರಿಗೂ ಹೇಳಕೂಡದೆಂದು ಆಜ್ಞೆ ಮಾಡಿದರು. ರಂಧ್ರವನ್ನು ಮರೆಮಾಡಲಾಯಿತು. ಅಸಂಗತಿಯಿಂದ ಆಚೆಗೆ ಬೇಕೆಂದೇ ಇನ್ನೊಂದು ರಂಧ್ರ ಕೊರೆದು ಏನೂ ಇಲ್ಲದ ಬಂಡೆಕೋಲು ತೆಗೆದರು. ವ್ಯಾಪಾರದಲ್ಲಿ ಇದು ತಪ್ಪಲ್ಲ ಎನ್ನುತ್ತಾರೆ. ನೆಲ ಮಾರಿದವರ ಕಡೆ ನಿಂತು ನೋಡಿದರೆ ನನಗೆ ಅಷ್ಟು ಸಮಾಧಾನವಾಗುವುದಿಲ್ಲ. ಬೇಕೆಂದೇ ಸುಳ್ಳು ಹೇಳುವ ದತ್ತಾಂಶವನ್ನು ಸೃಷ್ಟಿಸುವುದು, ಯಾವ ಕಾರಣಕ್ಕೇ ಆಗಲಿ, ವಿಜ್ಞಾನದವನಿಗೆ ಗಂಟಲಲ್ಲಿ ಇಳಿಯದ ತುತ್ತು.

ನ್ಯಾಯಾಲಯದಲ್ಲಿ ಸಂಭಾವ್ಯತೆ

ನೆಲದೊಳಗಿನ ಗುಟ್ಟು ತಿಳಿದಿದ್ದ ಕೆಲವರು ಮತ್ತು ಅವರಿಂದ ಸುಳಿವು ಪಡೆದವರು ಈ ಅವಧಿಯಲ್ಲಿ ಸುಮ್ಮನಿರಲಿಲ್ಲ. ಅದಕ್ಕೆ ಮುಂಚೆ ಅವರೆಲ್ಲರ ಬಳಿ ಕಂಪನಿಯ 1,135 ಷೇರುಗಳಿದ್ದವು; ಆಮೇಲೆ 8,235 ಷೇರುಗಳು. ಜೊತೆಗೆ, ಮುಂದೊಂದು ದಿನ ಗೊತ್ತಾದ ಬೆಲೆಗೆ 12,300 ಷೇರು ಕೊಳ್ಳುವ ಹಕ್ಕುಗಳು. ಕೊರೆತ ಶುರುವಾದ ನವೆಂಬರ್ 8ರಂದು ಷೇರಿನ ಬೆಲೆ 17 ಡಾಲರಿಗೆ ಸ್ವಲ್ಪ ಮೇಲಿತ್ತು. ಏಪ್ರಿಲ್ ಹೊತ್ತಿಗೆ ಗುಲ್ಲೆದ್ದು ಪತ್ರಿಕೆಗಳಲ್ಲಿ ಬಂದಾಗ, 12ರಂದು ಕಂಪನಿ ಅದು ಉತ್ಪ್ರೇಕ್ಷೆ, ಇನ್ನೂ ಏನೂ ಖಚಿತವಿಲ್ಲ ಎಂಬರ್ಥದ ಹೇಳಿಕೆ ಕೊಟ್ಟಿತು. ನಾಲ್ಕೇ ದಿನಕ್ಕೆ, 16ರಂದು, ಕನಿಷ್ಠ 2.5 ಕೋಟಿ ಟನ್ ಅದಿರಿದೆ ಎಂದು ಸಾರಿತು. ಆ ದಿನ ಬೆಲೆ 36 ಡಾಲರ್ ದಾಟಿತು. ಮೇ ಮಧ್ಯಕ್ಕೆ 58. ಮಧ್ಯದಲ್ಲಿ ಷೇರು ಮಾರಿ ಕೈತೊಳೆದುಕೊಂಡ ಸಾಮಾನ್ಯರ ಸ್ಥಿತಿ ಊಹಿಸಿಕೊಳ್ಳಿ.

ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗ 1965ರಲ್ಲಿ ಮೊಕದ್ದಮೆ ಹೂಡಿತು. ಪ್ರಶ್ನೆ ನಾವು ಮೇಲೆ ಕೇಳಿದ್ದೇ: ಒಂದು ರಂಧ್ರದಿಂದ ಏನು ತಿಳಿಯುತ್ತದೆ? ಒಂದು ರಂಧ್ರದಿಂದ ಗಣಿ ಇದೆಯೆಂದು ಹೇಳಲಾಗದು, ಆದ್ದರಿಂದ ಅದು ಷೇರಿನ ಬೆಲೆ ಬದಲಿಸುವಂಥ ಮಹತ್ವದ ಮಾಹಿತಿಯಲ್ಲ ಎಂಬ ವಾದವನ್ನು ಕೆಳ ನ್ಯಾಯಾಲಯ 1966ರಲ್ಲಿ ಬಹುಮಟ್ಟಿಗೆ ಒಪ್ಪಿತು. 1968ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು. ಘಟನೆ ಆಗುವ ಸಂಭಾವ್ಯತೆ ಮತ್ತು ಆದರೆ ಅದರ ಪರಿಣಾಮದ ಗಾತ್ರ, ಎರಡನ್ನೂ ತೂಗಿ ನೋಡಬೇಕು ಎಂದಿತು. ಗಣಿತದಲ್ಲಿ ನಾವು ಕಲಿಸುವ 'ನಿರೀಕ್ಷಿತ ಮೌಲ್ಯ'ಕ್ಕೆ ಇದು ಬಲು ಹತ್ತಿರ: ಸಾಧ್ಯತೆ ಪೂರ್ಣವಲ್ಲದಿದ್ದರೂ ಫಲ ಅಗಾಧವಾಗಿದ್ದರೆ ಗುಣಲಬ್ಧ ದೊಡ್ಡದೇ. ಅಲ್ಲದೆ, ತಿಳಿದವರೇ ಓಡಿಹೋಗಿ ಷೇರು ಕೊಂಡದ್ದು ಆ ಮಾಹಿತಿಗೆ ಅವರೇ ಕಟ್ಟಿದ ಬೆಲೆ ಎಂದೂ ಗಮನಿಸಿತು. ಒಳಮಾಹಿತಿ ಇದ್ದವನು ಅದನ್ನು ಬಹಿರಂಗಪಡಿಸಬೇಕು, ಇಲ್ಲವೇ ವಹಿವಾಟಿನಿಂದ ದೂರವಿರಬೇಕು ಎಂಬ ತತ್ವ ಈ ತೀರ್ಪಿನಿಂದ ಗಟ್ಟಿಯಾಯಿತು. ನಮ್ಮಲ್ಲಿ ಒಳಮಾಹಿತಿಯ ವಹಿವಾಟನ್ನು ತಡೆಯುವ ಸೆಬಿ ನಿಯಮಾವಳಿ ಬಂದದ್ದು 1992ರಲ್ಲಿ.

ಕೀಂಗುಟ್ಟುವುದಕ್ಕೂ ಅದಿರಿಗೂ ನಡುವಿನ ಅಂತರವನ್ನು ಮರೆತವರ ಕಥೆಯೂ ಅದೇ ವರ್ಷ, ಅಲ್ಲೇ ಪಕ್ಕದಲ್ಲಿ ನಡೆಯಿತು. ಕಿಡ್‌ಗೆ ಹತ್ತಿರದ ಜಮೀನು ಹಿಡಿದಿದ್ದ ವಿಂಡ್‌ಫಾಲ್ ಎಂಬ ಸಣ್ಣ ಕಂಪನಿ 1964ರ ಜುಲೈನಲ್ಲಿ ಒಂದು ರಂಧ್ರ ಕೊರೆದು, ಫಲಿತಾಂಶ ಹೇಳದೆ ಸುಮ್ಮನಾಯಿತು. ಮೌನವೇ ಸಿಹಿಸುದ್ದಿ ಎಂದು ಜನ ಭಾವಿಸಿದರು. ಅರ್ಧ ಡಾಲರಿನ ಆಸುಪಾಸಿನ ಷೇರು ಐದು ಡಾಲರ್ ದಾಟಿತು. ಜುಲೈ ಕೊನೆಗೆ ವಿಶ್ಲೇಷಣೆ ಬಂತು: ಗಣಿಗಾರಿಕೆಗೆ ಯೋಗ್ಯವಾದದ್ದು ಏನೂ ಇಲ್ಲ. ಸಂಬಳದ ಉಳಿತಾಯ ಹಾಕಿದವರು ಒಂದೇ ದಿನದಲ್ಲಿ ಮುಳುಗಿದರು. ವಿಚಾರಣಾ ಆಯೋಗ ಕುಳಿತು, ಆಂಟೇರಿಯೊದ ಷೇರು ಕಾನೂನು ಬದಲಾಯಿತು.

ಕಿಡ್-55ರಲ್ಲಿ 1966ರಲ್ಲಿ ಉತ್ಪಾದನೆ ಆರಂಭವಾಯಿತು. ಮೊದಲು ತೆರೆದ ಗುಂಡಿ, ಅನಂತರ ಸುರಂಗ. ನೆಟ್ಟಗೆ ನಿಂತ ಅದಿರಿನ ಬೆನ್ನುಹತ್ತಿ ಸುರಂಗಗಳು ಸುಮಾರು 3 ಕಿಲೋಮೀಟರ್ ಆಳಕ್ಕೆ ಇಳಿದಿವೆ. ಮೂಲಲೋಹದ ಗಣಿಗಳಲ್ಲಿ ಇಷ್ಟು ಆಳದ್ದು ಬೇರಿಲ್ಲ. ಮೊದಲು ಸಾರಿದ 2.5 ಕೋಟಿ ಟನ್ ಎಲ್ಲಿ, ತೆಗೆದ 10 ಕೋಟಿ ಟನ್ನಿಗೂ ಮೀರಿದ ಅದಿರೆಲ್ಲಿ! ಕಂಪನಿಗಳ ಹೆಸರು ಹಲವು ಬಾರಿ ಬದಲಾಗಿದೆ. ಟಿಮಿನ್ಸ್ ಬಳಿಯ ಲೋಹ ಕರಗಿಸುವ ಕಾರ್ಖಾನೆ 2010ರಲ್ಲಿ ಮುಚ್ಚಿತು.

ಈ ಆಳದಲ್ಲಿ ಬಂಡೆಯ ಬಿರುಕುಗಳಿಂದ ನೀರು ಒಸರುತ್ತದೆ. 2.4 ಕಿಲೋಮೀಟರ್ ಕೆಳಗಿನ ಆ ನೀರನ್ನು ಟೊರಾಂಟೊ ವಿಶ್ವವಿದ್ಯಾಲಯದ ಬಾರ್ಬರಾ ಶೆರ್ವುಡ್ ಲಾಲರ್ ಮತ್ತು ಬ್ರಿಟನ್ನಿನ ಸಂಶೋಧಕರು ಪರೀಕ್ಷಿಸಿದರು. ಅದರಲ್ಲಿ ಕರಗಿದ್ದ ಹೀಲಿಯಂ, ಕ್ಸೆನಾನ್ ಮುಂತಾದ ಜಡಾನಿಲಗಳ ಐಸೊಟೋಪುಗಳನ್ನು ಎಣಿಸಿ, ಅದು ಹೊರಜಗತ್ತಿನಿಂದ ಬೇರ್ಪಟ್ಟು ಕನಿಷ್ಠ 150 ಕೋಟಿ ವರ್ಷವಾಯಿತೆಂದು 2013ರಲ್ಲಿ ಪ್ರಕಟಿಸಿದರು. ಸುತ್ತಲಿನ ಬಂಡೆಯ ಯುರೇನಿಯಂ, ಥೋರಿಯಂಗಳ ವಿಘಟನೆಯಿಂದ ಹೀಲಿಯಂ ಸದಾ ಕೂಡುತ್ತಿರುತ್ತದೆ. ಎಷ್ಟು ಕೂಡಿದೆ ಎಂಬುದೇ ಗಡಿಯಾರ. ಲಾಲರ್ ಆ ನೀರಿನ ರುಚಿಯನ್ನೂ ನೋಡಿದ್ದಾರೆ. ಕಡಲನೀರಿಗಿಂತ ಬಹಳ ಉಪ್ಪಂತೆ.